ಉಲ್ಟಾ ಎಂದು ಬರೆದ ಏಳು ಹಾಳೆ

1999ರಲ್ಲಿ ನಾನು ಚಳ್ಳಕೆರೆಯಲ್ಲಿ ಪ್ಯಾನೆಲ್ ಅಂಗಡಿ ನಡೆಸುತ್ತಿದ್ದೆ. ಪ್ಯಾನೆಲ್ ಎಂದರೆ ಯಂತ್ರದ ಮುಖದ ತಗಡು. ಮೈಕ್ ಸೆಟ್ಟಿನ ಆಂಪ್ಲಿಫೈಯರ್, ಸ್ಟೆಬಿಲೈಸರ್, ಎಣ್ಣೆ ಮಿಲ್ಲಿನ ಸ್ವಿಚ್ ಬೋರ್ಡು, ಇವುಗಳ ಮುಖಕ್ಕೆ ಅಲ್ಯೂಮಿನಿಯಂ ಕತ್ತರಿಸಿ, ತೂತು ಕೊರೆದು, ಅಕ್ಷರ ಕೆತ್ತಿ ಕೊಡುವುದು ನನ್ನ ಕೆಲಸ. ಒಳಗಿನ ವೈರಿಂಗ್ ನನಗೆ ಬಾರದು. ಆದರೆ ತೂತು ಅರ್ಧ ಮಿಲಿಮೀಟರ್ ಆಚೀಚೆ ಆದರೆ ರಾತ್ರಿ ಊಟ ಸೇರುತ್ತಿರಲಿಲ್ಲ. ಆ ಜಂಬ ನನ್ನಲ್ಲಿ ಬೇಕಾದಷ್ಟಿತ್ತು, ಈ ಕಥೆಯಲ್ಲಿ ಅದಕ್ಕೂ ಪಾಲಿದೆ.

ಆ ವರ್ಷದ ಬೇಸಿಗೆಯಲ್ಲಿ ಮೊಳಕಾಲ್ಮುರಿನಿಂದ ಓಬಳೇಶಪ್ಪ ಎಂಬವರು ಹೆಂಡತಿ ಬೋರಮ್ಮನ ಭುಜ ಹಿಡಿದುಕೊಂಡು ಅಂಗಡಿಗೆ ಬಂದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತೆರಡು ವರ್ಷ ಆಪರೇಟರ್ ಆಗಿದ್ದವರು. ಹಳೆಯ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಪಿನ್ನಿನ ವೈರನ್ನು ಜಾಕು ಎಂಬ ಒಂದು ತೂತಿನಿಂದ ಇನ್ನೊಂದಕ್ಕೆ ಚುಚ್ಚಿದರೆ ಮಾತ್ರ ಈ ಊರಿನವರಿಗೆ ಆ ಊರಿನವರ ದನಿ ಕೇಳುತ್ತಿತ್ತು. ಆಟೋಮ್ಯಾಟಿಕ್ ಬಂದ ಮೇಲೆ ಆ ಬೋರ್ಡುಗಳು ಗುಜರಿಗೆ ಹೋದವು. ಅದೇ ಗುಜರಿಯಿಂದ ಜಾಕುಗಳನ್ನೂ ವೈರುಗಳನ್ನೂ ಕೊಂಡು ತಂದು ಇವರು ಮನೆಯಲ್ಲಿ ಏನೋ ಕಟ್ಟುತ್ತಿದ್ದರು.

"ಇದಕ್ಕೆ ಮಾಡ್ಯುಲರ್ ಸಿಂಥಸೈಜರ್ ಅಂತಾರ್ರೀ ಸಾಬ್ರೆ," ಎಂದು ಪ್ಯಾನೆಲ್ಲಿನ ಮಾದರಿಗೆ ಕತ್ತರಿಸಿ ತೂತು ಮಾಡಿದ ರಟ್ಟಿನ ಏಳು ತುಂಡುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಏಳು ಡಬ್ಬಿ, ಒಂದೊಂದಕ್ಕೂ ಒಂದೊಂದೇ ಕೆಲಸ. ಒಂದು ಸದ್ದು ಹುಟ್ಟಿಸುತ್ತದೆ, ಒಂದು ಸೋಸುತ್ತದೆ, ಒಂದು ಏರಿಸಿ ಇಳಿಸುತ್ತದೆ. ಯಾವುದನ್ನು ಯಾವುದಕ್ಕೆ ಸೇರಿಸಬೇಕೆಂಬುದನ್ನು ಪಿನ್ನಿನ ವೈರು ಚುಚ್ಚಿ ನಾವೇ ತೀರ್ಮಾನಿಸಬೇಕು. ಅವರು ಅರ್ಧ ಗಂಟೆ ವಿವರಿಸಿದರು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಕೊನೆಗೆ, "ಇದ್ರಾಗೆ ಯಾವ ಹಾಡು ಬಾರಿಸ್ತೀರಿ?" ಎಂದು ಕೇಳಿದೆ.

"ಹಾಡಲ್ಲ. ಕಂಬದ ಸದ್ದು."

ಮೊಳಕಾಲ್ಮುರಿನ ಹತ್ತಿರದ ಸಿದ್ದಾಪುರದ ಬಂಡೆಗಳ ನಡುವೆ ಚಿಕ್ಕಂದಿನಲ್ಲಿ ಕುರಿ ಕಾಯುವಾಗ ಅವರು ಟೆಲಿಫೋನ್ ಕಂಬಕ್ಕೆ ಕಿವಿ ಇಟ್ಟು ನಿಲ್ಲುತ್ತಿದ್ದರಂತೆ. ಗಾಳಿಗೆ ತಂತಿ ನಡುಗಿ ಕಂಬದೊಳಗೆ ಒಂದು ಗುಂಯ್ ಎನ್ನುವ ಸದ್ದು. ಆ ಸದ್ದಿಗಾಗಿಯೇ ಅವರು ಇಲಾಖೆ ಸೇರಿದ್ದು. ಈಗ ತಂತಿ ನೆಲದೊಳಗೆ ಹೋಗಿದೆ, ಕಂಬಗಳನ್ನು ಕಿತ್ತಿದ್ದಾರೆ. ಇತ್ತ ಅವರ ಕಣ್ಣಿನ ಒಳಪರದೆ ಒಣಗುತ್ತಾ ಬಂದಿತ್ತು. ಕೊಳವೆಯೊಳಗಿಂದ ನೋಡಿದಷ್ಟು ಮಾತ್ರ ಕಾಣುತ್ತಿತ್ತು. ಅಷ್ಟು ನೋಟವೂ ದೀಪಾವಳಿವರೆಗೆ ಉಳಿದರೆ ಹೆಚ್ಚು ಎಂದು ಡಾಕ್ಟರು ಹೇಳಿದ್ದರು. ವೈರಿನ ಬಣ್ಣ ಗುರುತಿಸಿ ಬೆಸುಗೆ ಹಾಕುವುದಕ್ಕೆ ಆ ಕೊಳವೆಯಷ್ಟು ಕಣ್ಣು ಬೇಕೇ ಬೇಕು. ಮೊದಲು ನನ್ನ ಪ್ಯಾನೆಲ್, ಅದಕ್ಕೆ ತಿರುಗಿಸುವ ನಾಬು, ಜಾಕು ಬಿಗಿಯಬೇಕು, ಆಮೇಲೆ ಅವರ ಬೆಸುಗೆ. ಕಣ್ಣು ಹೋದ ಮೇಲೆ ಬೆರಳಲ್ಲಿ ಓದಲು ಪ್ರತಿ ನಾಬಿನ ಪಕ್ಕ ಉಬ್ಬಿದ ಚುಕ್ಕೆಗಳು ಬೇಕು, ಮೊದಲನೆಯದಕ್ಕೆ ಒಂದು, ಎರಡನೆಯದಕ್ಕೆ ಎರಡು. ನಾನು ಹಿತ್ತಾಳೆಯ ರಿವಿಟ್ ಹಾಕಿಕೊಡುತ್ತೇನೆಂದೆ. ರಟ್ಟಿನ ತುಂಡುಗಳನ್ನು ಅವರು ವಾಪಸ್ಸು ಒಯ್ದರು. ದಿನಾ ಕಣ್ಣು ಮುಚ್ಚಿ ಅದರ ಮೇಲೆ ಬೆರಳಾಡಿಸಿ ಜಾಗ ಕಲಿಯುತ್ತಿದ್ದರು.

ಮೂರು ವಾರದ ಮೇಲೆ ಬೋರಮ್ಮ ಒಬ್ಬರೇ ಬಸ್ಸಿನಲ್ಲಿ ಬಂದು ಏಳು ಹಾಳೆ ನಕ್ಷೆ ಕೊಟ್ಟರು. ಪ್ರತಿ ಹಾಳೆಯ ಎಡ ಮೂಲೆಯಲ್ಲಿ ದಪ್ಪ ಅಕ್ಷರದಲ್ಲಿ "ಉಲ್ಟಾ" ಎಂದು ಬರೆದಿತ್ತು.

ನಮ್ಮ ಮನೆಯ ಉರ್ದುವಿನಲ್ಲಿ ಸೀದಾ ಹಾತ್ ಎಂದರೆ ಬಲಗೈ, ಉಲ್ಟಾ ಹಾತ್ ಎಂದರೆ ಎಡಗೈ. ಉಲ್ಟಾ ಕೈಯಲ್ಲಿ ತಿನ್ನಬೇಡ ಎಂದು ಅಮ್ಮೀಜಾನ್ ಕೈ ಮೇಲೆ ಹೊಡೆಯುತ್ತಿದ್ದರು. ನಮ್ಮ ಅಬ್ಬಾ ಅಂಗಡಿಯಲ್ಲಿ ತಗಡಿನ ಎಡ ಅಂಚಿಗೆ ಉಲ್ಟಾ, ಬಲ ಅಂಚಿಗೆ ಸೀದಾ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದರು, ನಾನೂ ಅದನ್ನೇ ಮುಂದುವರಿಸಿದ್ದೆ. ಎಡ ಮೂಲೆಯಲ್ಲಿ ಉಲ್ಟಾ ಎಂದು ಕಂಡ ಕೂಡಲೇ, ಪರವಾಗಿಲ್ಲ, ಮನುಷ್ಯ ಶಿಸ್ತಿನವನು, ಎಡ ಯಾವುದೆಂದು ಗುರುತು ಹಾಕಿದ್ದಾನೆ ಎಂದು ಮೆಚ್ಚಿಕೊಂಡೆ.

ಒಂದು ಅನುಮಾನ ಬಂದದ್ದು ನಿಜ. ರಟ್ಟಿನಲ್ಲಿ ಜಾಕುಗಳ ಸಾಲು ಬಲಕ್ಕಿತ್ತೆಂದು ನೆನಪು, ನಕ್ಷೆಯಲ್ಲಿ ಎಡಕ್ಕಿತ್ತು. ಗಿರಾಕಿ ಮನಸ್ಸು ಬದಲಾಯಿಸುವುದು ಹೊಸದೇನಲ್ಲ ಎಂದುಕೊಂಡೆ. ನಾನು ಹಾಳೆ ತಿರುವಿ ನೋಡುವುದನ್ನು ಕಂಡು ಬೋರಮ್ಮ, "ಏನಾರ ಗೊತ್ತಾಗದಿದ್ರೆ ಅವರಿಗೊಂದು ಫೋನ್ ಮಾಡಿ ಕೇಳ್ರಿ ಅಣ್ಣಾ," ಎಂದರು.

"ಮೂವತ್ತು ವರ್ಷದ ಕೈ ಇದು ತಾಯಿ. ನೀವು ಹೋಗ್ಬರ್ರಿ," ಎಂದೆ.

ಎರಡು ಮಿಲಿಮೀಟರ್ ದಪ್ಪದ ತಗಡು, ಏಳು ಪ್ಯಾನೆಲ್, ಒಟ್ಟು ತೊಂಬತ್ತೊಂದು ತೂತು. ಬಾಗದಿರಲೆಂದು ಮೇಲಿನ, ಕೆಳಗಿನ ಅಂಚುಗಳನ್ನು ಚಿತ್ರದುರ್ಗದ ವರ್ಕ್‌ಶಾಪಿನಲ್ಲಿ ಹಿಂದಕ್ಕೆ ಮಡಚಿಸಿ ತಂದೆ. ಶ್ರುತಿ, ಸೋಸು, ಏರು, ಇಳಿ ಎಂದು ಕನ್ನಡದಲ್ಲಿ ಕೆತ್ತಿದೆ, ಚುಕ್ಕೆ ಕೂರಿಸಿದೆ. ಜೀವಮಾನದಲ್ಲಿ ಅಷ್ಟು ಚೆಂದದ ಕೆಲಸ ಮಾಡಿರಲಿಲ್ಲ. ಆಷಾಢದಲ್ಲಿ ನಾನೇ ಅವನ್ನು ಹೊತ್ತು ಮೊಳಕಾಲ್ಮುರಿಗೆ ಹೋದೆ.

ಓಬಳೇಶಪ್ಪ ಮೊದಲ ಪ್ಯಾನೆಲನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿ ಬೆರಳಾಡಿಸಿದರು. ಬೆರಳು ಒಂದು ಕಡೆ ಹೋಗಿ ನಿಂತಿತು. ಮತ್ತೆ ಮೊದಲಿನಿಂದ ಬಂದು ಅಲ್ಲೇ ನಿಂತಿತು. ಎರಡನೆಯದು ತೆಗೆದುಕೊಂಡರು, ಮೂರನೆಯದೂ ಹಾಗೆಯೇ.

"ಸಾಬ್ರೆ, ಉಲ್ಟಾ ಅಂತ ಬರ್ದಿದ್ನಲ್ರೀ."

"ಎಡಕ್ಕೆ ಬರ್ದಿದ್ರಿ. ಎಡಕ್ಕೇ ಐತಲ್ಲ," ಎಂದೆ.

ಆಗ ಅವರು ಬಿಡಿಸಿ ಹೇಳಿದರು. ಎಕ್ಸ್‌ಚೇಂಜಿನಲ್ಲಿ ವೈರಿಂಗ್ ಮಾಡುವವನು ಬೋರ್ಡಿನ ಹಿಂದೆ ನಿಲ್ಲುತ್ತಾನೆ. ಹಾಗಾಗಿ ಅವರೆಲ್ಲ ಹಿಂದಿನಿಂದ ಕಂಡಂತೆ ನಕ್ಷೆ ಬರೆದು, ಮೂಲೆಯಲ್ಲಿ ಉಲ್ಟಾ ಎಂದು ಹಾಕುವುದು ರೂಢಿ. ಹಾಳೆಯನ್ನು ಮಗುಚಿ ಹಾಕಿ ಕೊರೆಯಿರಿ ಎಂದು ಅದರ ಅರ್ಥ. ನಾನು ಮಗುಚಿರಲಿಲ್ಲ. ಏಳೂ ಪ್ಯಾನೆಲ್ ಕನ್ನಡಿಯಲ್ಲಿ ಕಂಡಂತಾಗಿದ್ದವು. ತಗಡನ್ನೇ ತಿರುಗಿಸೋಣವೆಂದರೆ ಅಂಚು ಮಡಚಿಯಾಗಿತ್ತು, ಅಕ್ಷರ ಕೆತ್ತಿಯಾಗಿತ್ತು. ಬೋರಮ್ಮ ತೆಲುಗಿನಲ್ಲಿ "ಅಯಿಪೋಯಿಂದಿ" ಎಂದಷ್ಟೇ ಹೇಳಿ ಒಳಗೆ ಹೋದರು. ಮುಗಿದುಹೋಯಿತು ಎಂದು.

ನಾನು ಪ್ಯಾನೆಲ್‌ಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದೆ. ಓಬಳೇಶಪ್ಪನವರೇ ಮಾತಾಡಿದರು. "ತಪ್ಪು ನಂದೂ ಐತೆ ಬಿಡ್ರಿ, ಹಿಂದ್ಲಿಂದ ಅಂತ ಬಿಡಿಸಿ ಬರೀಬೇಕಿತ್ತು. ಇವನ್ನ ಇಲ್ಲೇ ಬಿಟ್ಟು ಹೋಗ್ರಿ. ಇದ್ರ ಮ್ಯಾಲೇ ಕಟ್ತೀನಿ. ಬೆರಳಿಗೆ ಹೊಸದಾಗಿ ಕಲಿಸ್ತೀನಿ. ಸ್ವಲ್ಪ ಕಣ್ಣು ಐತಲ್ಲ ಇನ್ನೂ."

ಅಂದು ನಾನು ಹೂಂ ಎನ್ನಬೇಕಿತ್ತು. ಅನ್ನಲಿಲ್ಲ. ನನ್ನ ಕೈಯಿಂದ ಹೋದ ತಪ್ಪು ಪ್ಯಾನೆಲ್ ಒಬ್ಬರ ಮನೆಯಲ್ಲಿ ಇರುವುದೆಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. "ಹದಿನೈದು ದಿನ ಕೊಡ್ರಿ, ಹೊಸದು ತರ್ತೀನಿ," ಎಂದು ಏಳನ್ನೂ ಕಟ್ಟಿಕೊಂಡು ಎದ್ದೆ. ಅವರು ಬಾಗಿಲವರೆಗೂ ಗೋಡೆ ಹಿಡಿದು ಬಂದು, "ಬಿಟ್ಟು ಹೋಗ್ರಿ ಸಾಬ್ರೆ," ಎಂದು ಇನ್ನೊಮ್ಮೆ ಹೇಳಿದರು. ನಾನು ಅದನ್ನು ಉಪಚಾರದ ಮಾತು ಎಂದುಕೊಂಡೆ.

ಹದಿನೈದು ದಿನ ಎಂಟು ವಾರವಾಯಿತು. ಅದೇ ದಪ್ಪದ ತಗಡು ಬೆಂಗಳೂರಿನಲ್ಲಿ ಕೂಡಲೇ ಸಿಗಲಿಲ್ಲ. ಬೇರೆ ದಪ್ಪ ಸಿಗುತ್ತಿತ್ತು, ನಾನು ಒಪ್ಪಲಿಲ್ಲ. ತಗಡು ಬಂದಾಗ ಮಡಚುವ ಯಂತ್ರ ಕೆಟ್ಟಿತ್ತು. ಬೋರಮ್ಮ ಎರಡು ಸಲ ಫೋನ್ ಮಾಡಿದರು. ಎರಡನೇ ಸಲ, "ಹೆಂಗಿದ್ರೆ ಹಂಗೆ ತಂದ್ಕೊಡ್ರಿ ಅಣ್ಣಾ, ಅವರಿಗೆ ಕೆಂಪು ಯಾವುದು ಕಂದು ಯಾವುದು ತಿಳೀವಲ್ದು," ಎಂದರು. ಆಗ ಅಕ್ಷರದ ಅಂಚಿಗೆ ಅರ ಹಾಕಿ ನುಣುಪು ಮಾಡುತ್ತಿದ್ದೆ. ಇನ್ನು ನಾಲ್ಕು ದಿನ ಎಂದೆ.

ಹೊಸ ಪ್ಯಾನೆಲ್‌ಗಳಲ್ಲಿ ಎಳ್ಳಷ್ಟು ತಪ್ಪಿರಲಿಲ್ಲ. ಓಬಳೇಶಪ್ಪ ಬಾಗಿಲ ಕಡೆ ಮುಖ ಮಾಡಿ ಕುಳಿತಿದ್ದರು, ಆದರೆ ನಾನು ಒಳಗೆ ಬಂದದ್ದು ಅವರಿಗೆ ಚಪ್ಪಲಿಯ ಸದ್ದಿನಿಂದ ತಿಳಿಯಿತು. ಏಳನ್ನೂ ಬೆರಳಲ್ಲಿ ಓದಿದರು, ಎಲ್ಲೂ ನಿಲ್ಲಲಿಲ್ಲ. "ಎಲ್ಲಾ ಅದರದರ ಜಾಗದಾಗೇ ಐತೆ," ಎಂದರು. ನಾಬು, ಜಾಕುಗಳನ್ನು ನಾನೇ ಬಿಗಿದುಕೊಟ್ಟೆ, ಅಷ್ಟು ನನಗೆ ಬರುತ್ತಿತ್ತು. ಬೆಸುಗೆಗೆಂದು ಚಳ್ಳಕೆರೆಯಿಂದ ರೇಡಿಯೋ ಮೆಕ್ಯಾನಿಕ್ ಒಬ್ಬನನ್ನು ಎರಡು ಸಲ ಕರೆದೊಯ್ದೆ. ಯಾವ ವೈರು ಎಲ್ಲಿಗೆಂಬುದು ಕಾಗದದಲ್ಲಿರಲಿಲ್ಲ, ಓಬಳೇಶಪ್ಪನವರ ತಲೆಯಲ್ಲಿತ್ತು. ಅದನ್ನು ಅವರು ನೋಡುತ್ತಾ ಹೇಳಬಲ್ಲವರಾಗಿದ್ದರೇ ಹೊರತು ನೋಡದೆ ಹೇಳಲು ಬರುತ್ತಿರಲಿಲ್ಲ. ಎರಡನೇ ದಿನ ಅವರೇ ಸಾಕು ಎಂದರು, ಬೆಸುಗೆ ಅಲ್ಲಿಗೇ ನಿಂತಿತು.

ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ಹಲವರು ಸಮಾಧಾನ ಹೇಳಿದ್ದಾರೆ. ನನಗೆ ಸಮಾಧಾನ ಆಗಿಲ್ಲ. ಆಮೇಲೂ ಹತ್ತು ವರ್ಷ ಅಂಗಡಿ ನಡೆಸಿದೆ. ನಕ್ಷೆ ತಂದವರನ್ನೆಲ್ಲ ಇದು ಯಾವ ಕಡೆಯಿಂದ ನೋಡಿದ್ದು ಎಂದು ಕೇಳಿ, ಅವರ ಕೈಯಿಂದಲೇ ಬರೆಸಿಕೊಂಡೆ. ಆದರೆ ಈ ಕೆಲಸ ನನಗೆ ಕಲಿಸಿದ ಪಾಠ ಅದಲ್ಲ. ಉಲ್ಟಾ ಎಂಬ ಮಾತಿನಲ್ಲಿ ಆದ ತಪ್ಪನ್ನು ಓಬಳೇಶಪ್ಪ ಒಂದೇ ನಿಮಿಷದಲ್ಲಿ ನುಂಗಿಕೊಂಡಿದ್ದರು. ಅವರಿಗೆ ಬೇಕಿದ್ದದ್ದು ಸದ್ದು. ತಪ್ಪು ತಗಡಿನಿಂದಲೂ ಅದು ಬರುತ್ತಿತ್ತು. ನನಗೆ ಬೇಕಿದ್ದದ್ದು ಸರಿಯಾದ ತಗಡು. ನನ್ನ ಮರ್ಯಾದೆ ಉಳಿಸಿಕೊಳ್ಳಲು ಅವರ ಎಂಟು ವಾರದ ಕಣ್ಣನ್ನು ನಾನು ತಿಂದೆ.

ಕೊನೆಯ ಸಲ ಹೋದಾಗ ಏಳೂ ಪ್ಯಾನೆಲ್ ಮರದ ಚೌಕಟ್ಟಿನಲ್ಲಿ ಗೋಡೆಗೆ ಆನಿಸಿ ನಿಂತಿದ್ದವು. ಓಬಳೇಶಪ್ಪ ಮಾತಾಡುತ್ತಲೇ ವೈರೊಂದನ್ನು ಜಾಕಿಗೆ ಚುಚ್ಚಿದರು, ನೋಡದೆ, ತಪ್ಪದೆ. ಶ್ರುತಿಯ ನಾಬು ತಿರುಗಿಸಿದರು. ಆಮೇಲೆ ಬಗ್ಗಿ ತಗಡಿಗೆ ಕಿವಿ ಇಟ್ಟರು. ತಡೆಯಲಾರದೆ ಕೇಳಿದೆ, "ಏನಾರ ಕೇಳ್ತೈತಾ?"

"ಇಲ್ರೀ," ಎಂದರು. ಕಿವಿ ತೆಗೆಯಲಿಲ್ಲ.