ಜಬಲ್ ಅಖ್ದರ್‌ನಲ್ಲಿ ಊದದ ಸೀಟಿ

ಒಮಾನಿನಲ್ಲಿದ್ದಷ್ಟು ಕಾಲ ನಮ್ಮ ಶುಕ್ರವಾರದ ಸುತ್ತಾಟಗಳೆಲ್ಲ ನನ್ನ ಸೀಟಿಗೆ ನಡೆಯುತ್ತಿದ್ದವು. ಶಾಲೆಯ ಎನ್‌ಸಿಸಿಯಲ್ಲಿ ಕಲಿತ ಶಿಸ್ತು ನನ್ನನ್ನು ಬಿಡಲೇ ಇಲ್ಲ. ಅಲ್ ಖೌದ್‌ನ ನಮ್ಮ ಕಟ್ಟಡದ ಕನ್ನಡಿಗರು ಎಲ್ಲಿಗೆ ಹೋದರೂ ಹೊರಡಲು, ಊಟಕ್ಕೆ ಸೇರಲು, ಹಿಂದಿರುಗಲು ನಾನು ಊದಬೇಕು. ಊದಿದ ಮೇಲೆ ಯಾರೂ ತಡಮಾಡುವಂತಿರಲಿಲ್ಲ. ಬೆನ್ನ ಹಿಂದೆ ನನ್ನನ್ನು ಡ್ರಿಲ್ ಮೇಷ್ಟ್ರು ಅನ್ನುತ್ತಿದ್ದರು. ಅದಕ್ಕೆ ನನಗೆ ಬೇಸರವಿರಲಿಲ್ಲ.

ಎಣ್ಣೆಯ ಬೆಲೆ ಕುಸಿದ ವರ್ಷಗಳವು. ಕಂಪನಿಗಳು ಜನರನ್ನು ಊರಿಗೆ ಕಳಿಸುತ್ತಿದ್ದವು. ಆ ಚಳಿಗಾಲ ಜಬಲ್ ಅಖ್ದರ್ ಬೆಟ್ಟಕ್ಕೆ ಹೊರಡುವ ಹಿಂದಿನ ದಿನ, ಮವಾಲೇಹ್ ಮಾರುಕಟ್ಟೆಯಲ್ಲಿ ಸೌತೆಕಾಯಿ ಆರಿಸುತ್ತಿದ್ದಾಗ ಕೆಳಗಿನ ಮನೆಯ ಗೆಳೆಯ ವಿಷಯ ಹೇಳಿದ. ಉಡುಪಿ ಕಡೆಯವನು, ನನಗಿಂತ ತುಂಬ ಚಿಕ್ಕವನು. ಅವನ ಕೆಲಸ ಹೋಗಿತ್ತು. ಹೆಂಡತಿಗೆ ಹೇಳಿರಲಿಲ್ಲ. ದಿನವೂ ಆಫೀಸಿಗೆಂದು ಹೊರಟು ಸೀಬ್‌ನ ಕಡಲ ದಂಡೆಯಲ್ಲಿ ಕಾರು ನಿಲ್ಲಿಸಿಕೊಂಡು ಕೂತಿರುತ್ತಿದ್ದನಂತೆ. ವೀಸಾ ರದ್ದಾಗುವ ಮೊದಲು ಹೇಳಲೇಬೇಕು, ಮನೆಯಲ್ಲಿ ಬಾಯಿ ಬರುತ್ತಿಲ್ಲ, ಬೆಟ್ಟದ ಮೇಲೆ ಹೇಳುತ್ತೇನೆ ಎಂದ.

ಬೆಟ್ಟದ ಬುಡದಲ್ಲಿ ಪೊಲೀಸರು ಫೋರ್ ವೀಲ್ ಡ್ರೈವ್ ಗಾಡಿಗಳನ್ನು ಮಾತ್ರ ಮೇಲೆ ಬಿಡುತ್ತಾರೆ. ಅವನದು ಸಣ್ಣ ಕಾರು, ಹಾಗಾಗಿ ಗಂಡ ಹೆಂಡತಿ ಇಬ್ಬರೂ ನನ್ನ ಗಾಡಿಯಲ್ಲೇ ಬಂದರು. ದಾರಿಯುದ್ದಕ್ಕೂ ಆಕೆ, ಬಿಸು ಹಬ್ಬಕ್ಕೆ ತಾಯಿಯನ್ನು ಊರಿಂದ ಕರೆಸಿಕೊಳ್ಳುವ ಮಾತಾಡುತ್ತಿದ್ದಳು. ಅವನು ಕಿಟಕಿಯ ಆಚೆ ನೋಡುತ್ತಿದ್ದ.

ಮೇಲೆ ಜುನಿಪರ್ ಮರಗಳ ಕಾಡು. ನಮ್ಮ ಕಡೆಯವರು ಅದನ್ನು ಕಾಡೆಂದು ಒಪ್ಪಲಾರರು. ಕಲ್ಲುಗಳ ನಡುವೆ ಅಲ್ಲೊಂದು ಇಲ್ಲೊಂದು ತಿರುಚಿದ ಮುದಿಮರ. ಅರ್ಧ ಒಣಗಿದ್ದರೂ ಉಳಿದರ್ಧ ಹಸಿರಾಗಿರುತ್ತದೆ. ಕೆಳಗೆ ಬೋಳು ಗುಡ್ಡಗಳು, ಅವುಗಳಾಚೆ ಮರುಭೂಮಿಯ ಮಬ್ಬು. ಇಷ್ಟು ಕಡಿಮೆ ನೀರಿನಲ್ಲಿ ಬದುಕಲು ಮರ ಯಾವ ಕೊಂಬೆಯನ್ನು ಬಿಟ್ಟುಕೊಡಬೇಕೆಂದು ಹೇಗೆ ತೀರ್ಮಾನಿಸುತ್ತದೋ ಎಂದು ನಾನು ಪ್ರತಿ ಸಲವೂ ಯೋಚಿಸುತ್ತಿದ್ದೆ.

ಊಟವಾದ ಮೇಲೆ ಅವರಿಬ್ಬರು ದೂರದ ಒಂದು ಮರದ ಕೆಳಗೆ ಹೋಗಿ ಕೂತರು. ಬಹಳ ಹೊತ್ತು ಅವನು ಕಲ್ಲು ಹೆಕ್ಕಿ ಎಸೆಯುತ್ತಲೇ ಇದ್ದ. ಹಿಂದಿರುಗುವ ಹೊತ್ತಾಯಿತು. ಕತ್ತಲಾಗುವ ಮೊದಲು ಆ ಕಡಿದಾದ ಇಳಿಜಾರು ದಾಟಬೇಕೆನ್ನುವುದು ನನ್ನದೇ ನಿಯಮ. ಸೀಟಿಯನ್ನು ತುಟಿಯವರೆಗೆ ತಂದೆ. ಅವನು ಇನ್ನೂ ಹೇಳಿರಲಿಲ್ಲ. ಜೇಬಿಗೆ ಹಾಕಿಕೊಂಡೆ.

"ಯಾಕ್ರೀ, ಸೀಟಿ ಮನೇಲೇ ಬಿಟ್ಟುಬಂದ್ರಾ?" ಎಂದು ನನ್ನ ಹೆಂಡತಿ ಕೇಳಿದಳು. ಉಳಿದವರು ಗಾಡಿಗಳಲ್ಲಿ ಕೂತು ನನ್ನ ಮುಖ ನೋಡುತ್ತಿದ್ದರು. ಚಳಿ ಏರುತ್ತಿತ್ತು.

ಕಲ್ಲು ಎಸೆಯುವುದು ನಿಂತಿತು. ಆಕೆ ಎದ್ದು, ಒಬ್ಬಳೇ ಸ್ವಲ್ಪ ದೂರ ಹೋಗಿ ನಿಂತು, ಕಡೆಗೆ ನಮ್ಮ ಕಡೆ ನಡೆದು ಬಂದಳು. ಅವನು ಹಿಂದೆಯೇ ಬಂದ. ಆಕೆಯ ಕಣ್ಣು ಕೆಂಪಾಗಿತ್ತು.

"ಅಣ್ಣ, ಕೆಲಸ ಹೋದರೆ ಹೋಗಲಿ. ಇಷ್ಟು ದಿನ ಇವರು ನನ್ನ ಕೈಯಲ್ಲಿ ಅಂಗಿಗೆ ಇಸ್ತ್ರಿ ಹಾಕಿಸಿಕೊಂಡ್ರಲ್ಲ, ಬೀಚಲ್ಲಿ ಕೂರ್ಲಿಕ್ಕೆ. ಅದನ್ನು ಮಾತ್ರ ನಾನು ಬಿಡುವುದಿಲ್ಲ."

ಅವನು ತಲೆ ತಗ್ಗಿಸಿ ನಕ್ಕ. ಆಕೆ ನನ್ನ ಕಡೆ ತಿರುಗಿದಳು.

"ಇನ್ನು ಊದಿ ಅಣ್ಣ. ಹೋಗುವ. ಸಾಮಾನು ಕಟ್ಟಲಿಕ್ಕೆ ಉಂಟು."

ಕರೆಯಬೇಕಾದವರು ಯಾರೂ ಉಳಿದಿರಲಿಲ್ಲ. ಆದರೂ ಊದಿದೆ.