ಮುದ್ದೆಗೆ ಎಚ್ಚರದಲ್ಲೇ ಸ್ನಾನ

ಹೋದ ತಿಂಗಳ ಒಂದು ಭಾನುವಾರ ಬೆಳಗ್ಗೆ ನಮ್ಮ ಮನೆಯ ಬಾತ್‌ರೂಮಿನಿಂದ ಇಬ್ಬರು ಓಡುತ್ತಾ ಹೊರಗೆ ಬಂದರು. ಮುಂದೆ ಮುದ್ದೆ, ಮೈತುಂಬ ನೊರೆ. ಹಿಂದೆ ನಾನು, ಮೈತುಂಬ ನೀರು. ಹಾಲ್‌ನ ಟೈಲ್ಸ್ ಮೇಲೆ ಇಬ್ಬರೂ ಜಾರಿದೆವು. ನಾನು ಸೋಫಾ ಹಿಡಿದುಕೊಂಡು ಉಳಿದೆ. ಪಾಪ, ಅವನಿಗೆ ಹಿಡಿದುಕೊಳ್ಳಲು ಕೈಯೆಲ್ಲಿದೆ? ಟಿವಿ ಸ್ಟ್ಯಾಂಡಿಗೆ ಹೋಗಿ ಬಡಿದ.

ಮುದ್ದೆ ನಮ್ಮ ನಾಯಿ. ನಾಲ್ಕೂವರೆ ಕಿಲೋ ತೂಕ, ಕಂದು ಬಣ್ಣ, ಉಂಡೆಯಂಥ ಮೈ. ಮೈಸೂರಿನವರು ಬೇರೇನು ಹೆಸರಿಟ್ಟೇವು? (ನಾಯಿಗೆ 'ಅವನು' ಅಂತ ಬರೆಯುತ್ತೀರಲ್ಲ ಎನ್ನಬೇಡಿ. 'ಅದು' ಅಂದರೆ ನಮ್ಮ ಮನೆಯಲ್ಲಿ ನನಗೆ ಊಟ ಸಿಗುವುದಿಲ್ಲ.) ಇಲ್ಲಿ ಮೆಲ್ಬರ್ನಿನ ವೆಟ್, ಅಂದರೆ ಪಶುವೈದ್ಯರ, ಕ್ಲಿನಿಕ್‌ನಲ್ಲಿ ಮಾತ್ರ ಅವನ ಹೆಸರು 'ಮಡ್ಡಿ'. ರಿಸೆಪ್ಷನ್‌ನವರು "ಮಡ್ಡಿ ಈಸ್ ನೆಕ್ಸ್ಟ್!" ಎಂದು ಕೂಗಿದಾಗ ನಾನು ಎದ್ದು ನಿಲ್ಲುತ್ತೇನೆ. ಇಂಗ್ಲಿಷಿನಲ್ಲಿ ಕೆಸರು, ಕನ್ನಡದಲ್ಲಿ ದಡ್ಡ. ಏನಾದರೇನು, ನಮ್ಮವನು.

ಅವನಿಗೆ ಸ್ನಾನ ಮಾಡಿಸುವುದು ನನ್ನ ಕೆಲಸವಾಗಿರಲಿಲ್ಲ. ನಮ್ಮ ಗ್ಲೆನ್ ವೇವರ್ಲಿ ಬಡಾವಣೆಗೆ ತಿಂಗಳಿಗೊಮ್ಮೆ ವ್ಯಾನ್ ತಂದು, ಮನೆ ಮುಂದೆಯೇ ನಿಲ್ಲಿಸಿ, ಸ್ನಾನ ಮಾಡಿಸಿ, ಕೂದಲು ಕತ್ತರಿಸಿ ಹೋಗುವ ಒಬ್ಬ ಹೆಂಗಸಿದ್ದರು. ಅವರು ಕ್ವೀನ್ಸ್‌ಲ್ಯಾಂಡಿಗೆ ಮನೆ ಬದಲಾಯಿಸಿದರು. ಅದೇ ಹೊತ್ತಿಗೆ ನನ್ನ ಹೆಂಡತಿ ಶಾಂತಾ ಸಿಡ್ನಿಗೆ ಹೋದಳು. ಬ್ಲ್ಯಾಕ್‌ಟೌನ್‌ನಲ್ಲಿರುವ ಮಗಳಿಗೆ ಎರಡನೆಯ ಬಾಣಂತನ. ಏರ್‌ಪೋರ್ಟ್‌ನಲ್ಲಿ ಅವಳು ಹೇಳಿದ್ದು ಇಷ್ಟೇ: "ರೀ, ನೀವು ಹೇಗಾದ್ರೂ ಇರಿ. ಅವನನ್ನ ಮಾತ್ರ ಚೆನ್ನಾಗಿ ನೋಡ್ಕೊಳ್ಳಿ."

ನಾನು ನಕ್ಕೆ. ನಲವತ್ತು ವರ್ಷ ಅರಿವಳಿಕೆ ತಜ್ಞನಾಗಿದ್ದವನು ನಾನು. ಆಪರೇಷನ್ ಥಿಯೇಟರಿನಲ್ಲಿ ಪೈಲ್ವಾನರಂಥವರನ್ನು ಒಂದು ಸೂಜಿಯಲ್ಲಿ ಮಲಗಿಸಿದ್ದೇನೆ. ನಾಲ್ಕೂವರೆ ಕಿಲೋದ ಪ್ರಾಣಿ ಯಾವ ಲೆಕ್ಕ?

ಆ ಭಾನುವಾರ ಲೆಕ್ಕ ಗೊತ್ತಾಯಿತು. ನಾನು ಮಾಡಿದ ತಪ್ಪುಗಳನ್ನು ಕೇಳಿ. ಸಿಕ್ಕುಗಟ್ಟಿದ ಕೂದಲು ಬಾಚಲಿಲ್ಲ. ನನಗೆ ಹಿತವಾದಷ್ಟು ಬಿಸಿನೀರು ಬಿಟ್ಟೆ. ನುಣ್ಣನೆಯ ಟಬ್ಬಿನಲ್ಲಿ ಏನೂ ಹಾಸದೆ ನಿಲ್ಲಿಸಿದೆ. ನನ್ನದೇ ಶಾಂಪೂ ಸುರಿದೆ. ಕೊನೆಗೆ ಶವರನ್ನು ನೇರವಾಗಿ ತಲೆಯ ಮೇಲೆ ಹಿಡಿದೆ. ನಾನು ಕತ್ತಿನ ಹಿಂದೆ ಅಮುಕಿ ಹಿಡಿದಷ್ಟೂ ಅವನು ಕೊಸರಿದ. "ನಿನ್ನ ಒಳ್ಳೇದಕ್ಕೇ ಕಣೋ!" ಎಂದು ಗದರಿದೆ. ಅವನು ಟಬ್ಬಿನ ಅಂಚು ಹಾರಿ ಕೆಳಗೆ ಬಿದ್ದ.

ಎರಡು ದಿನ ಕುಂಟಿದ. ಕಾಲು ಸರಿಹೋಯಿತು. ಸರಿಹೋಗದ್ದು ಬೇರೆ. ದಿನಾ ಪೇಪರ್ ಓದುವಾಗ ಬಂದು ತೊಡೆಯ ಮೇಲೆ ಕೂರುತ್ತಿದ್ದವನು, ನಾನು ಕುರ್ಚಿ ಎಳೆದ ಸದ್ದಿಗೇ ಎದ್ದು ಪಕ್ಕದ ರೂಮಿಗೆ ಹೋಗತೊಡಗಿದ. ಕರೆದರೆ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಒಳಗೆ ಬರುತ್ತಿರಲಿಲ್ಲ.

ಮನೆಯಲ್ಲಿ ಇದ್ದವರು ನಾವಿಬ್ಬರೇ. ಒಬ್ಬ ಇನ್ನೊಬ್ಬನಿಗೆ ಹೆದರಿ ಬದುಕುವುದೆಂದರೆ?

ಮೂರನೆಯ ದಿನ ಅವನ ಹೊಟ್ಟೆಯ ಕೆಳಗೆ ಕೆಂಪು ಗುಳ್ಳೆಗಳೆದ್ದವು. ಕೆರೆದು ಕೆರೆದು ಒಂದು ಕಡೆ ಕೂದಲುದುರಿ ಹಸಿಯಾಯಿತು. ವೆಟ್ ಹತ್ತಿರ ಓಡಿದೆ. ಮೆತ್ತಗೆ ಮಾತಾಡುವ ಹೆಣ್ಣುಮಗಳು. ಚರ್ಮ ನೋಡಿದಳು, ಎದೆಗೆ ಸ್ಟೆತ್ ಇಟ್ಟಳು, ಬಹಳ ಹೊತ್ತು ಇಟ್ಟಳು. (ಅಷ್ಟು ಹೊತ್ತು ಇಟ್ಟರೆ ಏನರ್ಥ ಅಂತ ನನಗೆ ಗೊತ್ತಿಲ್ಲವೇ?) ಹೃದಯದಲ್ಲಿ ಮರ್ಮರ್ ಇದೆ, ಅಂದರೆ ಬಡಿತದ ಜೊತೆ ಇರಬಾರದ ಒಂದು ಸದ್ದು, ಒಂಬತ್ತು ವರ್ಷದ ಸಣ್ಣ ನಾಯಿಗಳಲ್ಲಿ ಅಪರೂಪವಲ್ಲ ಎಂದಳು. ಚರ್ಮಕ್ಕೆ ಔಷಧಿಯ ಶಾಂಪೂ ಕೊಟ್ಟಳು. ವಾರಕ್ಕೊಮ್ಮೆ ಸ್ನಾನ. ಹಚ್ಚಿದ ಮೇಲೆ ಹತ್ತು ನಿಮಿಷ ಹಾಗೇ ಬಿಡಬೇಕು.

"ಹತ್ತು ನಿಮಿಷ? ಇವನು ಹತ್ತು ಸೆಕೆಂಡ್ ನಿಲ್ಲಲ್ಲ," ಎಂದೆ. ನಡೆದದ್ದೆಲ್ಲ ಹೇಳಿದೆ.

"ಮನೇಲಿ ಆಗದಿದ್ರೆ ಇಲ್ಲಿಗೆ ತನ್ನಿ. ಮೊದಲ ಕೆಲವು ಸಲ ಸ್ವಲ್ಪ ಸೆಡೇಶನ್ ಕೊಟ್ಟು, ಮಂಪರು ಬರಿಸಿ ನಾವೇ ಸ್ನಾನ ಮಾಡಿಸ್ತೀವಿ," ಎಂದಳು ಇಂಗ್ಲಿಷಿನಲ್ಲಿ.

"ಈ ಹೃದಯ ಇಟ್ಕೊಂಡು?"

"ಎಲ್ಲ ಎಚ್ಚರಿಕೆ ತಗೊಳ್ತೀವಿ. ಸ್ವಲ್ಪ ರಿಸ್ಕ್ ಅಂತೂ ಇದ್ದೇ ಇರತ್ತೆ."

ಸ್ವಲ್ಪ ರಿಸ್ಕ್! ಈ ಎರಡು ಪದಗಳನ್ನು ಎಷ್ಟು ಸಾವಿರ ಮನೆಯವರಿಗೆ ಹೇಳಿದ್ದೇನೋ. ಫಾರ್ಮ್ ಮುಂದಿಟ್ಟು, ಪೆನ್ ಕೊಟ್ಟು, ಇದೇ ಮೆತ್ತಗಿನ ದನಿಯಲ್ಲಿ. ಆ ಪೆನ್ ಹಿಡಿದವರಿಗೆ ಅದು ಹೇಗೆ ಕೇಳಿಸುತ್ತಿತ್ತು ಎಂದು ಮೊದಲ ಬಾರಿಗೆ ತಿಳಿಯಿತು. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಸ್ನಾನ ಮಾಡಿಸಲು ಬರದ ಮುದುಕನೊಬ್ಬನ ತಪ್ಪಿಗೆ ಮುದ್ದೆ ಯಾಕೆ ಆ ರಿಸ್ಕ್ ತೆಗೆದುಕೊಳ್ಳಬೇಕು?

"ಒಂದು ವಾರ ಕೊಡಿ," ಎಂದೆ.

ಮನೆಗೆ ಬಂದು ಶಾಂತಾಗೆ ಫೋನಿನಲ್ಲಿ ಎಲ್ಲ ಹೇಳಿದೆ. ಸ್ಪೀಕರ್ ಆನ್ ಇತ್ತೆಂದು ನನಗೆ ಗೊತ್ತಿರಲಿಲ್ಲ. ಎಂಟು ವರ್ಷದ ಮೊಮ್ಮಗಳು ದಿಯಾ ಕೇಳಿಸಿಕೊಂಡಿದ್ದಳು. "ತಾತಾ, ಈಸ್ ಮುದ್ದೆ ಗೋಯಿಂಗ್ ಟು ಡೈ?"

"ಇಲ್ಲ ಕಂದ. ತಾತ ಇದೀನಲ್ಲ."

"ಬಟ್ ಯು ಡ್ರಾಪ್ಡ್ ಹಿಮ್."

ಮಕ್ಕಳ ಬಾಯಿಗೆ ಬ್ರೇಕ್ ಇಲ್ಲ.

ಆ ಸಂಜೆ ಕೂತು ಯೋಚಿಸಿದೆ. ನನ್ನ ಕಸುಬಿನಲ್ಲಿ ಅತಿ ಕಷ್ಟದ ಪೇಷೆಂಟ್ ಯಾರು? ಮೂರು, ನಾಲ್ಕು ವರ್ಷದ ಮಕ್ಕಳು. ಅವರಿಗೆ ಕಾರಣ ಹೇಳಿ ಪ್ರಯೋಜನವಿಲ್ಲ, ಹಿಡಿದು ಅಮುಕಿದರೆ ಇನ್ನೂ ಕಷ್ಟ. ಮಕ್ಕಳು ನೋವಿಗಿಂತ ಹೆಚ್ಚು ಹೆದರುವುದು ಇದ್ದಕ್ಕಿದ್ದಂತೆ ಆಗುವುದಕ್ಕೆ. ಹಾಗಾಗಿ ಅರಿವಳಿಕೆ ಕೊಡುವ ಮಾಸ್ಕನ್ನು ಮೊದಲೇ ಕೈಗೆ ಕೊಟ್ಟುಬಿಡುತ್ತಿದ್ದೆ. ಗೊಂಬೆಗೆ ಹಾಕು, ನನಗೆ ಹಾಕು, ಆಮೇಲೆ ನಿನಗೆ. ಹೀಗೆ ಆಟವಾಡಿದ ಮಗು ತಾನೇ ಮಾಸ್ಕಿಗೆ ಮುಖ ಒಡ್ಡುತ್ತಿತ್ತು. ಈ ವಿದ್ಯೆ ಬಲ್ಲ ನಾನು ನಾಯಿಯನ್ನು ಕತ್ತು ಹಿಡಿದು ನೀರಿನ ಕೆಳಗೆ ತಳ್ಳಿದ್ದೆ. ಯಾಕೆ? ಅವಸರ. ಭಾನುವಾರ ಮಧ್ಯಾಹ್ನ ಯಾರದೋ ಗೃಹಪ್ರವೇಶದ ಊಟವಿತ್ತು!

ಮಾರನೆಯ ದಿನದಿಂದ ಪಾಠ ಶುರು. ಬಾತ್‌ರೂಮಿನ ಹೆಸರೇ ಬೇಡವೆಂದು ಬಟ್ಟೆ ಒಗೆಯುವ ಕೋಣೆಯ ಆಳವಾದ ಸಿಂಕ್ ಆರಿಸಿದೆ. ನನ್ನ ಸೊಂಟಕ್ಕೂ ಒಳ್ಳೆಯದು. ತಳಕ್ಕೆ ರಬ್ಬರ್ ಮ್ಯಾಟ್ ಹಾಕಿದೆ. ಮೊದಲ ದಿನ ನೀರಿಲ್ಲ, ಶಾಂಪೂ ಇಲ್ಲ. ನೆಲದ ಮೇಲೆ ಕೂತು, ಆ ಕೋಣೆಯ ಬಾಗಿಲಲ್ಲಿ ಒಂದು ಚೂರು ಚೀಸ್ ಇಟ್ಟೆ. ಅವನು ದೂರದಿಂದ ನೋಡಿದ. ನಾನು ಬೇರೆಲ್ಲೋ ನೋಡಿದೆ. ಅರ್ಧ ಗಂಟೆಯ ಮೇಲೆ ಬಂದು ಚೀಸ್ ಕಚ್ಚಿಕೊಂಡು ಓಡಿದ. ಪರವಾಗಿಲ್ಲ.

ಎರಡನೆಯ ದಿನ ಕೋಣೆಯೊಳಗೆ ಬಂದ. ಆ ಸಂಜೆ ಖಾಲಿ ಸಿಂಕಿನಲ್ಲಿ ಎರಡು ನಿಮಿಷ ನಿಂತ, ಚೀಸ್ ತಿಂದ, ನಾನು ಇಳಿಸಿಬಿಟ್ಟೆ. ಮೂರನೆಯ ದಿನ ನನಗೆ ಧೈರ್ಯ ಜಾಸ್ತಿಯಾಗಿ ನಲ್ಲಿ ತಿರುಗಿಸಿದೆ. ಅಷ್ಟೇ. ನನ್ನ ಭುಜ ಹತ್ತಿ ಬೆನ್ನ ಮೇಲಿಂದ ಇಳಿದು ಸೋಫಾದ ಕೆಳಗೆ! ಬೆನ್ನ ತುಂಬ ಗೀರು. ಎಲ್ಲ ಮೊದಲಿನಿಂದ.

ಆ ಹೊತ್ತಿಗೆ ಗಂಗಕ್ಕ ಬಂದರು. ಪಕ್ಕದ ಬೀದಿಯವರು, ಧಾರವಾಡದವರು. ನಾನೊಬ್ಬನೇ ಇದ್ದೇನೆಂದು ಆಗಾಗ ರೊಟ್ಟಿ, ಪಲ್ಯ ತಂದುಕೊಡುತ್ತಾರೆ. ಈ ಸಬರ್ಬಿನಲ್ಲಿ ಹುಟ್ಟಿದ ಎಷ್ಟೋ ಕನ್ನಡದ ಕೂಸುಗಳಿಗೆ ಮೊದಲು ನೀರೆರೆದ ಕೈ ಅವರದು. ಆದರೆ ನಾಯಿಯೆಂದರೆ ದೂರ. ಬಾಗಿಲಲ್ಲೇ ನಿಂತು ನನ್ನ ಗೀರು, ಸಿಂಕು, ಸೋಫಾದ ಕೆಳಗಿನ ಎರಡು ಕಣ್ಣು, ಎಲ್ಲ ನೋಡಿದರು.

"ಡಾಕ್ಟ್ರ, ಆ ನಳದ ಸಪ್ಪಳಕ್ಕ ಹೆದರ್ತದ್ರಿ ಅದು," ಎಂದರು. "ಮೊದ್ಲ ಬಕೆಟ್‌ನ್ಯಾಗ ನೀರು ತುಂಬಿ ಇಟ್ಕೋರಿ. ಆಮ್ಯಾಲೆ ಅದನ್ನ ಕರ್ಕೊಂಡ್ ಬರ್ರಿ. ಚರಿಗಿಲೆ ಸಾವಕಾಶ ಹಾಕ್ರಿ."

"ನೀರು ಎಷ್ಟು ಬಿಸಿ ಇರ್ಬೇಕು ಗಂಗಕ್ಕ?"

"ಮೊಣಕೈ ಅದ್ದಿ ನೋಡ್ರಿ. ಬಿಸಿನೂ ಅನ್ನಸ್ಬಾರ್ದು, ತಣ್ಣಗೂ ಅನ್ನಸ್ಬಾರ್ದು. ಮತ್ತ ತಲಿ ಮ್ಯಾಲೆ ಮೊದ್ಲ ಹಾಕಿರೀನು?"

"ಹಾಕಿದೆ."

"ಅಯ್ಯ! ನಿಮ್ಮ ತಲಿ ಮ್ಯಾಲೆ ಯಾರರ ಹಂಗ ಸುರುವಿದ್ರ ಸುಮ್ನಿರ್ತೀರಿ? ಕಾಲಿಂದ ಶುರು ಮಾಡ್ರಿ. ಒಂದ್ ಕೈ ಎದಿ ಕೆಳಗ ಇರ್ಲಿ. ಆ ಕೈ ಮಾತ್ರ ತೆಗೀಬ್ಯಾಡ್ರಿ. ಕೂಸಿಗೆ ಅದೊಂದ ಧೈರ್ಯ."

ನಾನು ತಲೆತಗ್ಗಿಸಿ ಕೇಳಿಸಿಕೊಂಡೆ. ಎಂಬಿಬಿಎಸ್, ಎಂಡಿ, ಇಲ್ಲಿಯ ಫೆಲೋಶಿಪ್ಪು, ಯಾವುದೂ ಉಪಯೋಗಕ್ಕೆ ಬರಲಿಲ್ಲ ನೋಡಿ.

ಮುಂದಿನ ಎರಡು ದಿನ ಒಣ ಮುದ್ದೆಯೊಂದಿಗೆ ರಿಹರ್ಸಲ್. ಖಾಲಿ ತಂಬಿಗೆಯಿಂದ ಕಾಲಿಗೆ ಸ್ನಾನ, ಬೆನ್ನಿಗೆ ಸ್ನಾನ. ಬಾಚಣಿಗೆಯಿಂದ ದಿನಕ್ಕಿಷ್ಟು ಸಿಕ್ಕು ಬಿಡಿಸಿದೆ. ಆರನೆಯ ದಿನ ಎರಡು ತಂಬಿಗೆ ನಿಜವಾದ ನೀರು, ಪಾದಕ್ಕೆ ಮಾತ್ರ. ನಡುಗಿದ, ಆದರೆ ನಿಂತ. ಆ ದಿನ ರಾತ್ರಿಯ ಊಟಕ್ಕೆ ನನಗೆ ನಾನೇ ಪಾಯಸ ಮಾಡಿಕೊಂಡೆ.

ಏಳನೆಯ ದಿನ ಪರೀಕ್ಷೆ. ಮೆಲ್ಬರ್ನ್ ಆಕಾಶ ಅಪರೂಪಕ್ಕೆ ನಿಯತ್ತಾಗಿತ್ತು, ಒಳ್ಳೆಯ ಬಿಸಿಲು. ಬೇಕಾದದ್ದೆಲ್ಲ ಕೈಗೆ ಸಿಗುವಂತೆ ಜೋಡಿಸಿಕೊಂಡೆ: ಎರಡು ಬಕೆಟ್ ನೀರು, ತಂಬಿಗೆ, ಶಾಂಪೂ, ಮೂರು ಟವೆಲ್, ಚೀಸ್. ಒಮ್ಮೆ ಸಿಂಕಿನಲ್ಲಿ ನಿಲ್ಲಿಸಿದ ಮೇಲೆ ಟವೆಲ್ ಮರೆತೆ ಎಂದು ಆ ಕಡೆ ಹೋಗುವಂತಿಲ್ಲವಲ್ಲ. ಗಂಗಕ್ಕ ಬಂದು ಬಾಗಿಲಲ್ಲಿ ನಿಂತರು. ಅವರ ಕೈಯಲ್ಲಿ ಫೋನು, ಫೋನಿನಲ್ಲಿ ಬ್ಲ್ಯಾಕ್‌ಟೌನ್. ಶಾಂತಾ, ಅವಳ ಭುಜದ ಮೇಲಿಂದ ಇಣುಕುವ ದಿಯಾ.

"ಯಾರೂ ಮಾತಾಡಬಾರದು," ಎಂದೆ. ಥಿಯೇಟರಿನಲ್ಲಿ ಹೇಳುತ್ತಿದ್ದ ದನಿಯಲ್ಲೇ ಬಂತು.

ಮುದ್ದೆಯನ್ನು ಎತ್ತಿ ಮ್ಯಾಟಿನ ಮೇಲೆ ನಿಲ್ಲಿಸಿದೆ. ಕಿವಿಯ ಬಾಯಿಗೆ ಸ್ವಲ್ಪ ಹತ್ತಿ ಇಟ್ಟೆ, ಒಳಗೆ ತುರುಕಲಿಲ್ಲ. ಎಡಗೈ ಎದೆಯ ಕೆಳಗೆ. ಪಾದ, ಕಾಲು, ಹೊಟ್ಟೆ, ಬೆನ್ನು, ಒಂದೊಂದೇ ತಂಬಿಗೆ. ಮುಖಕ್ಕೆ ನೀರು ಹಾಕಲೇ ಇಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಶಾಂಪೂ ಹಚ್ಚಿದೆ. ಕಣ್ಣಿನ ಹತ್ತಿರಕ್ಕೆ ಬಿಡಲಿಲ್ಲ. ಈಗ ಹತ್ತು ನಿಮಿಷ.

ಎರಡು ಬೆರಳನ್ನು ಅವನ ಹಿಂಗಾಲಿನ ತೊಡೆಯ ಒಳಗೆ ಇಟ್ಟೆ. ಅಲ್ಲಿ ನಾಡಿ ಸಿಗುತ್ತದೆ. ಎಣಿಸಲಾಗದಷ್ಟು ಓಟ. ನನ್ನದೂ ಕಡಿಮೆಯಿರಲಿಲ್ಲ. ಅವನಿಗೆ ನನ್ನ ದನಿ ನಿಲ್ಲದಂತೆ ಕೇಳುತ್ತಿರಬೇಕು. ಏನು ಮಾತಾಡಲಿ? ಬಾಯಿಗೆ ಬಂದದ್ದು ಮಗ್ಗಿ. "ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು..."

ಎರಡರ ಮಗ್ಗಿ ಮುಗಿಯಿತು, ಮೂರರದು ಮುಗಿಯಿತು. ನಾಲ್ಕರ ಮಗ್ಗಿಯಲ್ಲಿ ನಡುಕ ನಿಂತಿತು. ಐದರಲ್ಲಿ, ಬೆರಳಿನ ಕೆಳಗೆ ನಾಡಿ ನಿಧಾನವಾದದ್ದು ನನಗೆ ಗೊತ್ತಾಯಿತು. ಎಷ್ಟೋ ನಾಡಿಗಳು ನನ್ನ ಔಷಧಿಗೆ ಹೀಗೆ ಇಳಿದಿವೆ. ಯಾವ ಔಷಧಿಯೂ ಇಲ್ಲದೆ, ಕಣ್ಣು ತೆರೆದುಕೊಂಡೇ, ಬರೀ ನನ್ನ ದನಿಗೆ ಇಳಿದದ್ದು ಇದೊಂದೇ. ಆರರ ಮಗ್ಗಿಯ ನಡುವೆ ಅವನು ಗಲ್ಲವನ್ನು ನನ್ನ ಮಣಿಕಟ್ಟಿನ ಮೇಲೆ ಊರಿದ. ಪೂರ್ತಿ ಭಾರ ಬಿಟ್ಟು.

ನಾನು ಅವನನ್ನೇ ನೋಡುತ್ತಾ ಏಳರ ಮಗ್ಗಿಗೆ ಬಂದೆ. ಅದಕ್ಕೇ ಇರಬೇಕು, "ಏಳೆಂಟ್ಲ ಐವತ್ನಾಲ್ಕು" ಎಂದೆ.

"ಫಿಫ್ಟಿ ಸಿಕ್ಸ್, ತಾತಾ!" ಫೋನು ಕಿರುಚಿತು.

ಮುದ್ದೆ ಕಿವಿ ನಿಮಿರಿಸಿದ. ನಾನು ಉಸಿರು ಬಿಗಿಹಿಡಿದೆ. ಅವನು ಫೋನಿನ ಕಡೆ ನೋಡಿ, ದಿಯಾಳ ದನಿ ಗುರುತು ಹಿಡಿದು, ಒದ್ದೆ ಬಾಲ ಎರಡು ಸಲ ಆಡಿಸಿದ. ನೊರೆ ಗೋಡೆಗೆ ಹಾರಿತು. ಎಲ್ಲರೂ ನಕ್ಕೆವು. ಶಾಂತಾ ಮಾತ್ರ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಶಾಂಪೂ ಒಂದಿಷ್ಟೂ ಉಳಿಯದಂತೆ ತೊಳೆದೆ. ಉಳಿದರೆ ಮತ್ತೆ ತುರಿಕೆ. ಮೊದಲ ಟವೆಲ್ ಸುತ್ತಿ ತಿರುಗುವಷ್ಟರಲ್ಲಿ ಎದುರಿಗೆ ಗಂಗಕ್ಕ. ಫೋನನ್ನು ವಾಷಿಂಗ್ ಮೆಷಿನ್ ಮೇಲಿಟ್ಟು, ಒಣಗಿದ ಎರಡನೆಯ ಟವೆಲ್ಲನ್ನು ಎರಡೂ ಕೈಯಲ್ಲಿ ಹರವಿ ಹಿಡಿದಿದ್ದರು.

"ಕೊಡ್ರಿ ಇಲ್ಲೆ. ಥಂಡಿ ಆದೀತು ಅದಕ್ಕ."

"ಗಂಗಕ್ಕ, ನಾಯಿ ರೀ ಇದು."

"ಗೊತ್ತೈತಿ, ಕೊಡ್ರಿ."

ಬಿಸಿಲು ಬೀಳುವ ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತು, ಕೂಸನ್ನು ಒರೆಸುವ ಹಾಗೆ ಒರೆಸಿದರು. ಬೆರಳಿನ ಸಂದಿ, ಕಿವಿಯ ಹಿಂದೆ, ಬಾಲದ ಬುಡ. ಮುದ್ದೆ ಕಣ್ಣು ಮುಚ್ಚಿಕೊಂಡ.

ಹೋದ ವಾರ, ಮೂರನೆಯ ಸ್ನಾನದ ಮೇಲೆ, ವೆಟ್ ಹತ್ತಿರ ಹೋಗಿದ್ದೆವು. ಹೊಟ್ಟೆಯ ಕೆಂಪು ಪೂರ್ತಿ ಮಾಯ, ಕೂದಲು ಮತ್ತೆ ಬರುತ್ತಿದೆ. ಸೆಡೇಶನ್ ಬೇಡವೆಂದು ಅವಳೇ ಫೈಲಿನಲ್ಲಿ ಬರೆದಳು. ನಾನು ಕಾರಿನವರೆಗೂ ಎದೆಯುಬ್ಬಿಸಿಕೊಂಡೇ ನಡೆದೆ. ಮನೆಗೆ ಬಂದು ಪೇಪರ್ ಬಿಡಿಸಿದರೆ, ತೊಡೆಯ ಮೇಲೆ ಥಪ್ಪೆಂದು ನಾಲ್ಕೂವರೆ ಕಿಲೋ.

ಈಗ ಸುದ್ದಿ ಹರಡಿದೆ. (ಗಂಗಕ್ಕನಿಗೆ ಗೊತ್ತಾದದ್ದು ಮೆಲ್ಬರ್ನಿನ ಆ ತುದಿಯ ವೆರಿಬೀಗೆ ತಲುಪಲು ಎಷ್ಟು ಹೊತ್ತು?) ಫೋನುಗಳು ಬರುತ್ತಿವೆ. "ಅಂಕಲ್, ನಮ್ಮನೆ ಲಡ್ಡೂನೂ ಬಾತ್ ಅಂದ್ರೆ ಕಚ್ಚೋಕೆ ಬರ್ತಾನೆ. ಒಂದ್ಸಲ ಬಂದು ಮಾಡಿಸ್ಕೊಡ್ತೀರಾ ಪ್ಲೀಸ್? ನಮಗೆ ಇಬ್ಬರಿಗೂ ಟೈಮೇ ಇಲ್ಲ."

ಬರುವುದಿಲ್ಲ ಎನ್ನುತ್ತೇನೆ. ಲಡ್ಡೂ ನನ್ನನ್ನು ನಂಬಿ ನಿಮಗೇನು ಉಪಯೋಗ? ರಬ್ಬರ್ ಮ್ಯಾಟ್, ತಂಬಿಗೆ, ಚೀಸ್, ಮಗ್ಗಿ, ಎಲ್ಲ ಹೇಳಿಕೊಡುತ್ತೇನೆ. ಆಮೇಲೆ ಒಂದೇ ಪ್ರಶ್ನೆ ಕೇಳುತ್ತೇನೆ.

ನಿಮ್ಮನ್ನೇ ನಂಬಿಕೊಂಡಿರುವ ಜೀವಕ್ಕೆ ಒಂದು ವಾರ ಕೊಡುತ್ತೀರಾ?