ಬೊಗ್ಗುವಿಗೆ ಉಪ್ಪು ಆಗುವುದಿಲ್ಲ

ನಮ್ಮ ಮನೆಗೆ ಹೊಸದಾಗಿ ಒಂದು ನಾಯಿಮರಿ ಬಂದಿದೆ. ಅದು ಏನು ತಿನ್ನಬೇಕು ಎಂಬುದನ್ನು ಮಗಳು ವಾರವಿಡೀ ಫೋನಿನಲ್ಲಿ ಓದಿ, ಕದ್ರಿಯ ಅಂಗಡಿಯೊಂದರಿಂದ ದೊಡ್ಡ ಚೀಲ ಹೊತ್ತು ತಂದಳು. ನನ್ನ ಮದುವೆಗೆ ಗಂಡು ನೋಡುವಾಗಲೂ ಯಾರೂ ಇಷ್ಟು ವಿಚಾರಿಸಿರಲಿಲ್ಲ. ಆಕೆ ಚೀಲದ ಬಾಯಿ ಕತ್ತರಿಸುವಾಗ ನಾನು ಪೇಪರು ಮಡಚಿಟ್ಟು ತೂಕಡಿಸಲು ತಯಾರಾಗುತ್ತಿದ್ದೆ. ಒಳಗಿನಿಂದ ಒಣಮೀನಿನ ವಾಸನೆ ಬಂತು. ಮೀನಿನ ಹುಡಿ ಸೇರಿಸಿದ್ದಾರಂತೆ. ಮಗಳು ಮೂಗು ಮುಚ್ಚಿಕೊಂಡಳು, ನಾನು ಕಣ್ಣು ಮುಚ್ಚಿಕೊಂಡೆ. ಅದು ನನ್ನ ಅಪ್ಪನ ಅಂಗಿಯ ವಾಸನೆ.

ಅಪ್ಪನಿಗೆ ಬಂದರ್‌ನಲ್ಲಿ ಒಣಮೀನಿನ ವ್ಯಾಪಾರ. ನಾನು ಹೇಳುತ್ತಿರುವುದು ಎಪ್ಪತ್ತರ ದಶಕದ ಕೊನೆಯ ಮಾತು. ಅಜ್ಜ ಕಡಲಿಗೆ ದೋಣಿ ಇಳಿಸಿದವರು. ಅಪ್ಪ ನೆಲದ ಮೇಲೆ ನಿಂತು, ಬೇರೆಯವರು ಹಿಡಿದು ತಂದದ್ದನ್ನು ಉಪ್ಪು ಹಾಕಿ ಒಣಗಿಸಿ ಘಟ್ಟದ ಮೇಲಕ್ಕೆ ಕಳುಹಿಸಿದವರು. ನಮ್ಮ ಮನೆ ಪೇಟೆಯಂಚಿನ ಕೊಟ್ಟಾರ ಎಂಬ ಕಡೆ ಇತ್ತು. ಹಿತ್ತಲಿನಾಚೆ ಆಗ ಗದ್ದೆ. ಮಧ್ಯಾಹ್ನ ಅಪ್ಪ ಊಟಕ್ಕೆ ಸಿಟಿ ಬಸ್ಸಿನಲ್ಲಿ ಬರುತ್ತಿದ್ದರು. ಬಸ್ಸು ಎಷ್ಟೇ ತುಂಬಿದ್ದರೂ ಅವರ ಪಕ್ಕದ ಸೀಟು ಖಾಲಿ. ಜನ ತನಗೆ ಕೊಡುವ ಮರ್ಯಾದೆ ಅದು ಎಂದು ಅವರು ಹೇಳಿಕೊಳ್ಳುತ್ತಿದ್ದರು. ಆ ವಾಸನೆಯನ್ನು ಮನಸಾರೆ ಮೆಚ್ಚುತ್ತಿದ್ದ ಜೀವ ಇಡೀ ಕೊಟ್ಟಾರದಲ್ಲಿ ಒಂದೇ. ಅದು ಬೊಗ್ಗು.

ಬೊಗ್ಗು ಕೆಂಚು ಬಣ್ಣದ ಊರ ನಾಯಿ. ನಮ್ಮ ಕಡೆ ಎರಡು ಮನೆಗೊಂದು ಬೊಗ್ಗು ಇರುತ್ತಿತ್ತು. ನಾಯಿಯ ಹೆಸರಿಗೆಂದು ತಲೆ ಕೆಡಿಸಿಕೊಳ್ಳುವ ಕಾಲ ಅಲ್ಲ ಅದು. ಊಟಕ್ಕಾಗಿಯೂ ಅಷ್ಟೆ. ಮನೆಯವರು ತಿಂದದ್ದೇ ನಾಯಿಗೆ. ಹಾಗಾಗಿ ನಾಯಿಯ ತಟ್ಟೆ ನೋಡಿದರೆ ಮನೆಯ ಜಾತಿ ಗೊತ್ತಾಗುತ್ತಿತ್ತು. ಬಲಗಡೆಯ ಭಟ್ಟರ ನಾಯಿ ಇಡ್ಲಿ ತಿಂದು ಬಿಸಿಲಲ್ಲಿ ಮಲಗುತ್ತಿತ್ತು. ಎದುರುಮನೆಯ ಕ್ರಿಸ್ತಿಯನ್ನರ ನಾಯಿಗೆ ಭಾನುವಾರ ಎಲುಬು. ನಮ್ಮ ಬೊಗ್ಗುವಿಗೆ ಕುಚ್ಚಲಕ್ಕಿ ಅನ್ನ, ಬೂತಾಯಿ ಮೀನಿನ ತಲೆ, ಅದರ ಸಾರು. ಮೂರೂ ನಾಯಿಗಳು ಗದ್ದೆಯ ಬದುವಿನಲ್ಲಿ ಒಟ್ಟಿಗೇ ಓಡಾಡುತ್ತಿದ್ದವು, ಜಗಳ ನೋಡಿದ ನೆನಪಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಮ್ಮ ಮನೆಯ ಕ್ರಮ ಬೇರೆ. ದೋಣಿಯ ಮನೆಯವರು ನಾಯಿಗೆ ಒಂದು ತುತ್ತು ಉಳಿಸದೆ ಊಟದಿಂದ ಏಳಬಾರದು ಎಂದು ಅಜ್ಜಿ ಹೇಳಿದ್ದರಂತೆ. ಅಪ್ಪ ದೋಣಿ ಬಿಟ್ಟರೂ ಅದನ್ನು ಬಿಡಲಿಲ್ಲ. ಬಟ್ಟಲಿನ ಕೊನೆಯ ಅನ್ನವನ್ನು ಸಾರಿನಲ್ಲಿ ಕಲಸಿ, ಮುಳ್ಳು ತೆಗೆದು, ಉಂಡೆ ಮಾಡಿ ಹಿತ್ತಲ ಮೆಟ್ಟಿಲಿಗೆ ಹೋಗುತ್ತಿದ್ದರು. ಅಮ್ಮ ಮೊದಲೇ ಎಷ್ಟು ಹಾಕಿದ್ದರೂ ಬೊಗ್ಗು ಆ ಉಂಡೆ ಸಿಗುವ ತನಕ ತಟ್ಟೆಗೆ ಬಾಯಿ ಹಾಕುತ್ತಿರಲಿಲ್ಲ. ಆಮೇಲೆ ಅಪ್ಪ ಬೆಂಚಿನ ಮೇಲೆ, ಬೊಗ್ಗು ಬೆಂಚಿನ ಕೆಳಗೆ. ಕಡಲ ಗಾಳಿ ಗದ್ದೆ ದಾಟಿ ನಿಧಾನಕ್ಕೆ ಬರುವುದು, ಇಬ್ಬರ ಗೊರಕೆಯೂ ಒಂದೇ ಹದಕ್ಕೆ ಬರುವುದು. ಆ ಮಧ್ಯಾಹ್ನಗಳಿಗೆ ಸಾಯಂಕಾಲವೇ ಇರಲಿಲ್ಲವೇನೋ ಎಂದು ಈಗ ಅನಿಸುತ್ತದೆ.

ಹಾಗಿರುವಾಗ ಒಂದು ದಿನ ಬಂದರ್‌ನಲ್ಲಿ ಅಪ್ಪ ತಲೆ ತಿರುಗಿ ಮೀನಿನ ಕಟ್ಟುಗಳ ಮೇಲೆ ಕುಸಿದರು. ಪ್ರೆಶರ್, ಉಪ್ಪು ಪೂರ್ತಿ ಬಿಡಬೇಕು ಎಂದರು ಡಾಕ್ಟರು. ಬೇರೆ ಮನೆಯಲ್ಲಾದರೆ ಅದೊಂದು ಪಥ್ಯ. ಅಮ್ಮನಿಗೆ ಹಾಗಲ್ಲ. ನನ್ನ ದೊಡ್ಡಪ್ಪ, ಅಂದರೆ ಅಪ್ಪನ ಅಣ್ಣ, ಇದೇ ಪ್ರೆಶರ್ ಏರಿ, ಒಂದು ಬದಿ ಬಿದ್ದು, ಮಾತು ನಿಂತು, ನಮ್ಮ ಮನೆಯಲ್ಲೇ ಮಲಗಿ ತೀರಿಹೋಗಿದ್ದರು. ಅವರ ಬಾಯಿಗೆ ಚಮಚದಲ್ಲಿ ಗಂಜಿ ಹಾಕಿದವಳು ಅಮ್ಮ. ಅಪ್ಪ ಆ ಮಾತನ್ನೇ ಎತ್ತಲು ಬಿಡುತ್ತಿರಲಿಲ್ಲ.

(ಮನೆಯಲ್ಲಿ ನಾವು ಆಡುತ್ತಿದ್ದದ್ದು ತುಳು. ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.)

"ಉಪ್ಪಿಗಿಂತ ರುಚಿಯಿಲ್ಲ ಅಂತ ಗಾದೆಯೇ ಉಂಟಲ್ಲ ಮಾರಾಯ್ತಿ," ಎಂದು ಅಪ್ಪ ಉಪ್ಪಿನ ಭರಣಿಗೆ ಕೈ ಹಾಕುವರು. "ಉಪ್ಪಿನ ಮೇಲೆಯೇ ನಮ್ಮ ಬದುಕು. ಅದು ನನಗೆ ಎಂತ ಮಾಡ್ತದೆ?" ಅಮ್ಮ ಭರಣಿ ಅಡಗಿಸಿಟ್ಟರೆ ಅಂಗಡಿಯಿಂದ ಒಣಮೀನು ತಂದು ಸುಟ್ಟು ತಿನ್ನುವರು. ಅಮ್ಮ ಅತ್ತದ್ದೂ ಆಯಿತು, ಮಾತು ಬಿಟ್ಟದ್ದೂ ಆಯಿತು.

ಆ ಸಮಯಕ್ಕೆ ಸರಿಯಾಗಿ ಬೊಗ್ಗು ಮೈ ಕೆರೆದುಕೊಳ್ಳಲು ಶುರುಮಾಡಿತು. ಬೆನ್ನಿನ ಕೂದಲು ಉದುರಿತು. ಅಮ್ಮನೂ ನಾನೂ ಅದನ್ನು ಹಗ್ಗ ಕಟ್ಟಿ ದನದ ಆಸ್ಪತ್ರೆಗೆ ನಡೆಸಿಕೊಂಡು ಹೋದೆವು. ಡಾಕ್ಟರು ಹಚ್ಚಲು ಮುಲಾಮು ಕೊಟ್ಟರು, ಬೇವಿನ ನೀರಿನಲ್ಲಿ ಮೀಯಿಸಿ ಎಂದರು. ಅಷ್ಟೇ ಹೇಳಿದ್ದು. ಬರುವಾಗ ಅಮ್ಮ ದಾರಿಯುದ್ದಕ್ಕೂ ಏನೋ ಯೋಚಿಸುತ್ತಿದ್ದಳು. ಗೇಟಿನ ಹತ್ತಿರ ನಿಂತು, "ಮಧ್ಯಾಹ್ನ ಮಾತಾಡುವುದು ನಾನು. ನೀನು ಬಾಯಿ ಬಿಡಬೇಡ," ಎಂದಳು.

ಅಪ್ಪ ಕೊನೆಯ ತುತ್ತು ಕಲಸುತ್ತಿದ್ದರು. "ಅದನ್ನು ಕೊಡಬೇಡಿ. ಬೊಗ್ಗುವಿಗೆ ಉಪ್ಪು ಆಗುವುದಿಲ್ಲ. ಉಪ್ಪು ತಿಂದರೆ ಅದು ಉಳಿಯುವುದು ಕಷ್ಟ ಅಂತೆ," ಎಂದಳು ಅಮ್ಮ.

ಅಪ್ಪನ ಕೈ ನಿಂತಿತು. "ಯಾರು ಹೇಳಿದ್ದು?"

"ಡಾಕ್ಟರು."

ತನ್ನ ಡಾಕ್ಟರ ಮಾತು ಕೇಳದ ಮನುಷ್ಯ ನಾಯಿಯ ಡಾಕ್ಟರ ಮಾತಿಗೆ ತುತ್ತನ್ನು ಬಟ್ಟಲಿಗೆ ಮರಳಿಸಿದರು. ಅಮ್ಮ ಬೊಗ್ಗುವಿಗೆ ಬೇರೆಯೇ ಸಪ್ಪೆ ಅನ್ನ ಬೇಯಿಸಿಟ್ಟಳು. ಅದು ಮೂಸಿ ನೋಡಿ ಅಪ್ಪನ ಮುಖ ನೋಡಿತು. ಮರುದಿನವೂ ಹಾಗೇ ಕೂತಿತು. ಅದರ ಮರುದಿನ ಬೆಂಚಿನ ಕೆಳಗಿನಿಂದ ಎದ್ದೇ ಬರಲಿಲ್ಲ. ಅಪ್ಪ ತನ್ನ ಬಟ್ಟಲನ್ನು ಅಮ್ಮನ ಕಡೆ ದೂಡಿದರು.

"ಅದರದ್ದೇ ನನಗೂ ಬಡಿಸು," ಎಂದರು ಕೊನೆಗೆ. "ನನ್ನ ಬಟ್ಟಲಿನದ್ದಲ್ಲದೆ ಅದು ತಿನ್ನುವುದಿಲ್ಲ, ಎಂತ ಮಾಡುವುದು."

ಅಮ್ಮ ಒಲೆಯ ಕಡೆ ತಿರುಗಿ ನಿಂತಳು. ಅವಳ ಮುಖ ನನಗೆ ಕಾಣಲಿಲ್ಲ.

ಹಾಗೆ ನಮ್ಮ ಮನೆಯ ಅಡುಗೆಯೇ ಬದಲಾಯಿತು. ಉಪ್ಪಿಲ್ಲದ ಕೊರತೆಯನ್ನು ಅಮ್ಮ ಬಿಂಬುಳಿ, ಹುಣಸೆ, ಮಾವಿನಕಾಯಿಯ ಹುಳಿಯಲ್ಲಿ ತೀರಿಸಲು ನೋಡುವಳು. ನಾವು ಮಕ್ಕಳು ಅಪ್ಪ ಎದ್ದ ಮೇಲೆ ಕದ್ದು ಉಪ್ಪು ಉದುರಿಸಿಕೊಳ್ಳುತ್ತಿದ್ದೆವು. ಒಮ್ಮೆ ಮಲ್ಪೆಯ ಅತ್ತೆ ಬಂದವರು, "ಈ ಮನೆಯಲ್ಲಿ ನಾಯಿಯದ್ದನ್ನು ಯಜಮಾನ ಉಣ್ಣುವುದಾ?" ಎಂದು ಕೇಳಿಯೇ ಬಿಟ್ಟರು. ಅಪ್ಪ, "ಪರವಾಗಿಲ್ಲ ಅಕ್ಕ, ನಾನು ಉಂಡ ಮೇಲೆಯೇ ಅದು ಉಣ್ಣುವುದು," ಎಂದರು. ಮೈಯ ಕೂದಲು ಬಂದು ಬೊಗ್ಗು ಮೊದಲಿನಂತಾಯಿತು. ಅದನ್ನು ಉಪ್ಪು ಬಿಟ್ಟದ್ದರ ಗುಣ ಎಂದು ಅಮ್ಮ ಎಲ್ಲರಿಗೂ ಹೇಳಿದಳು. ಅಪ್ಪ ಆ ಮೇಲೆ ತಲೆ ತಿರುಗಿ ಬೀಳಲಿಲ್ಲ.

ವರ್ಷಗಳು ಹೋದವು. ನಾನು ಕಾಲೇಜು ಮುಗಿಸಿದೆ, ಹಿತ್ತಲಿನಾಚೆಯ ಗದ್ದೆಯಲ್ಲಿ ಮನೆಗಳೆದ್ದವು, ಬೊಗ್ಗುವಿನ ಮೂತಿ ಬಿಳಿಯಾಯಿತು. ಒಂದು ಬೆಳಗ್ಗೆ ಅದು ಬೆಂಚಿನ ಕೆಳಗೇ ಸತ್ತುಬಿದ್ದಿತ್ತು. ಅಪ್ಪ ತೆಂಗಿನ ಬುಡದಲ್ಲಿ ಗುಂಡಿ ತೋಡಿದರು. ಅಮ್ಮ ಅಡುಗೆಮನೆಯಲ್ಲಿ ಕುಳಿತು ಅಳುತ್ತಿದ್ದಳು. ಸಮಾಧಾನ ಮಾಡಲು ಹೋದ ನನ್ನ ಕೈ ಹಿಡಿದು, "ಇನ್ನು ಅವರಿಗೆ ಎಂತ ಹೇಳಲಿ?" ಎಂದಳು. ಅವಳ ಅಳು ನನಗೆ ಅರ್ಥವಾದದ್ದು ಆಗ.

ಮರುದಿನ ಮಧ್ಯಾಹ್ನ ಅಪ್ಪ ಊಟಕ್ಕೆ ಕುಳಿತರು. ಅಮ್ಮ ಸಾರಿನ ಪಾತ್ರೆ ಹಿಡಿದು ನಿಂತಳು. ಕೇಳದೆ ಇರಲು ಅವಳಿಂದಾಗಲಿಲ್ಲ.

"ಇನ್ನು ಉಪ್ಪು ಹಾಕಬೇಕಾ?"

"ಬೇಡ." ಅಪ್ಪ ತಲೆ ಎತ್ತಲಿಲ್ಲ. "ಆಗಲೇ ಒಮ್ಮೆ ನಾನು ಬೊಗ್ಗುವಿನ ಡಾಕ್ಟರ ಹತ್ತಿರ ಹೋಗಿದ್ದೆ. ಒಣ ಸಿಗಡಿಯಾದರೂ ಕೊಡಬಹುದಾ ಅಂತ ಕೇಳ್ಲಿಕ್ಕೆ. ಅವರು ನಗಾಡಿದ್ರು. ಉಪ್ಪು ಬೇಡ ಅಂತ ತಾನು ಹೇಳಲೇ ಇಲ್ಲ ಅಂದ್ರು."

ಅಮ್ಮ ಪಾತ್ರೆ ಕೆಳಗಿಟ್ಟಳು. "ಗೊತ್ತಿದ್ದೂ ಇಷ್ಟು ವರ್ಷ ಉಂಡದ್ದಾ?"

"ಅಣ್ಣನ ಬಾಯಿಗೆ ಗಂಜಿ ಹಾಕಿದ್ದು ನೀನಲ್ವಾ. ನನಗೂ ನೀನು ಹಾಕುವ ಹಾಗೆ ಆಗುವುದು ಬೇಡ ಅಂತ ಕಂಡಿತು." ಅಪ್ಪ ಪಕ್ಕದ ಮಣೆಯನ್ನು ಅವಳ ಕಡೆ ಸರಿಸಿದರು. "ಕೂತುಕೋ. ನೀನೂ ಉಣ್ಣು."

ಆ ಮಣೆ ಸರಿದ ಸದ್ದು ನನಗೆ ಈಗಲೂ ಕೇಳುತ್ತದೆ. ಅಪ್ಪ ಆಮೇಲೆಯೂ ಬಹಳ ಕಾಲ ಇದ್ದರು, ಕೊನೆಯ ದಿನದವರೆಗೂ ನಡೆದಾಡಿದರು, ಮಾತಾಡಿದರು. ಇಬ್ಬರಿಗೂ ಪರಸ್ಪರ ಅಷ್ಟು ಪ್ರೀತಿ ಇತ್ತು. ಅದನ್ನು ನೇರವಾಗಿ ಹೇಳಲು ಒಂದು ನಾಯಿಯ ಆಯುಷ್ಯ ಪೂರ್ತಿ ಬೇಕಾಯಿತಲ್ಲ ಎಂದು ಮಾತ್ರ ನನಗೆ ಸಂಕಟವಾಗುತ್ತದೆ.

ನಿಮಗೆ ಇಷ್ಟು ಹೊತ್ತು ಒಂದು ಸಂಗತಿ ಹೇಳಿರಲಿಲ್ಲ, ಮಗಳಿಗೂ ಹೇಳಿರಲಿಲ್ಲ. ಕಳೆದ ತಿಂಗಳು ಡಾಕ್ಟರು ನನ್ನ ತೋಳಿಗೆ ಪಟ್ಟಿ ಸುತ್ತಿ ನೋಡಿ, ಅಪ್ಪನಿಗೆ ಹೇಳಿದ್ದನ್ನೇ ನನಗೂ ಹೇಳಿದ್ದಾರೆ. ಮಾತ್ರೆಗಳನ್ನು ನಾನು ಕಪಾಟಿನಲ್ಲಿ ಸೀರೆಯ ಅಡಿ ಇಟ್ಟು ನುಂಗುತ್ತಿದ್ದೆ. ಅವಳಿಗೆ ಯಾಕೆ ಸುಮ್ಮನೆ ಚಿಂತೆ ಎಂದು.

"ಇಲ್ಲಿ ಬಾ, ಒಂದು ವಿಷಯ ಉಂಟು," ಎಂದು ಕರೆದೆ. ಮಗಳು ಬಂದು ಎದುರು ಕುಳಿತಳು. ಹೇಳಿದೆ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ, ನನ್ನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಆಮೇಲೆ ಎದ್ದು ಹೋಗಿ ಮಧ್ಯಾಹ್ನದ ಅಡುಗೆ ತಾನೇ ಮಾಡಿದಳು.

ಬಂಗುಡೆಯ ಸಾರು. ಸಪ್ಪೆ ಎಂದರೆ ಸಪ್ಪೆ.

"ಹೇಗುಂಟಮ್ಮ?" ಎಂದಳು.

"ಇನ್ನೊಂದು ಸೌಟು ಹಾಕು," ಎಂದೆ.